ನಮ್ಮ ಮನೆಯ ಜೋಳಿಗೆ

(ಬೆಂಗಳೂರಿನ ಗೊಟ್ಟಿಗೆರೆಯ ಶರಣ ಕುಟುಂಬವೊಂದರ ಮನೆಯಲ್ಲಿ ಶ್ರಾವಣ ಮಾಸದಲ್ಲಿ ನಡೆದ ಅನುಭಾವ ಗೋಷ್ಠಿಯ ಮಾತುಗಳು)

 

ನಾನು ಪ್ರವಚನ ಮಾಡುವವಳಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವವಳು. ಹೋದ ತಿಂಗಳು ಗೋಷ್ಠಿ ಮುಗಿದ ಮೇಲೆ ಸ್ವಾಮೀಜಿಯವರು ನನ್ನನ್ನು ಕರೆದು, "ಆಗಸ್ಟ್ 1 ವ್ಯಸನಮುಕ್ತ ದಿನ. ಈ ಸಲ ತಂಬಾಕಿನ ವಿಷಯ ನೀವೇ ಮಾತಾಡಿ ತಾಯಿ" ಎಂದರು. ಒಂದಿಷ್ಟು ಅಂಕಿ ಅಂಶ ಹೇಳಿದರಾಯಿತು ಎಂದುಕೊಂಡು ಒಪ್ಪಿದೆ. ಮನೆಗೆ ಹೋಗಿ ಬರೆಯಲು ಕೂತಾಗ, ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡದೆ ಆ ಅಂಕಿಗಳನ್ನು ಹೇಳುವ ಹಕ್ಕು ನನಗಿಲ್ಲ ಅನ್ನಿಸಿತು. ನಮ್ಮ ಮಾವನವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವರೂ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಅತ್ತೆಯವರು ಲಿಂಗೈಕ್ಯರಾದ ಮೇಲೆ ಮಾವನವರನ್ನು ಊರಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ಇಲ್ಲಿಗೆ ಕರೆತಂದೆವು. ಹುನಗುಂದ ಸೀಮೆಯವರು. ಜೀವನವೆಲ್ಲ ಕುಣಿ ಮಗ್ಗದ ಮೇಲೆ ಕೂತು ಇಳಕಲ್ ಸೀರೆ ನೇಯ್ದವರು. ಅಂಥ ಕಾಯಕಜೀವಿಯನ್ನು ತಂದು ಗೊಟ್ಟಿಗೆರೆಯ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕೂರಿಸಿದೆವು. ಕೆಳಗೆ ಬನ್ನೇರುಘಟ್ಟ ರಸ್ತೆಯ ಗದ್ದಲ. ಮಾತಾಡಲು ಪರಿಚಯದವರಿಲ್ಲ, ಕೈಗೆ ಕೆಲಸವಿಲ್ಲ. ಅವರ ಜೊತೆಗೆ ಬಂದದ್ದು ಎರಡೇ: ಕರಡಿಗೆಯ ಇಷ್ಟಲಿಂಗ, ಜೇಬಿನ ಬೀಡಿ ಕಟ್ಟು. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ, ವಿಭೂತಿ, ಪೂಜೆ. ಪೂಜೆ ಮುಗಿಸಿ ಚಹಾ ಕುಡಿದು ಪಡಸಾಲೆಯ ಕುರ್ಚಿಯಲ್ಲಿ ಮೊದಲನೇ ಬೀಡಿ. ಆಮೇಲೆ ದಿನವಿಡೀ.

ನಮ್ಮ ಮಗಳಿಗೆ ಆಗ ಆರು ವರ್ಷ. ಅಜ್ಜ ಅಂದರೆ ಜೀವ. ಅಜ್ಜನ ಮಡಿಲಲ್ಲೇ ಊಟ, ಅಜ್ಜನ ಪಕ್ಕದಲ್ಲೇ ಓದು. ಅವಳಿಗೆ ಚಿಕ್ಕಂದಿನಿಂದ ಸ್ವಲ್ಪ ಉಬ್ಬಸದ ತೊಂದರೆ ಇತ್ತು. ಅವರು ಬಂದ ಎರಡು ತಿಂಗಳಲ್ಲಿ ಅದು ಹೆಚ್ಚಾಯಿತು. ರಾತ್ರಿ ಕೆಮ್ಮು, ಎದೆಯಲ್ಲಿ ಸೀಟಿ ಊದಿದಂಥ ಸದ್ದು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾವನವರೂ ಜೊತೆಗೆ ಬಂದಿದ್ದರು. ಡಾಕ್ಟರು ಎದೆ ಪರೀಕ್ಷೆ ಮಾಡಿ, "ಮನೆಯಲ್ಲಿ ಯಾರಾದರೂ ಸೇದುತ್ತಾರೆಯೆ?" ಎಂದು ಕೇಳಿದರು.

ನಾನು "ಇಲ್ಲ" ಅಂದೆ.

ವಿಜ್ಞಾನದ ಶಿಕ್ಷಕಿ ನಾನು. ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಸುವವಳು. ಹಿರಿಯರ ಮುಂದೆ ಹೇಗೆ ಹೇಳುವುದು ಎಂಬ ಒಂದು ಸಂಕೋಚಕ್ಕೆ ನನ್ನ ಮಗುವಿನ ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಮಾವನವರು ಗೋಡೆಯ ಕಡೆ ನೋಡುತ್ತಿದ್ದರು. ನನ್ನ ಮನೆಯವರು ಮೊಬೈಲು ನೋಡುತ್ತಿದ್ದರು. ನಾಲ್ಕು ಜನಕ್ಕೂ ನಿಜ ಗೊತ್ತಿತ್ತು. ಆ ಸುಳ್ಳಿನ ಮೇಲೆಯೇ ಔಷಧಿ ಬರೆದುಕೊಂಡು ಬಂದೆವು.

ಶರಣ ಬಂಧುಗಳೇ, ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಮನೆಗಳಲ್ಲಿ ತಂಬಾಕಿನ ಹೊಗೆ ಉಳಿದಿರುವುದು ಅದರ ಕೇಡು ಗೊತ್ತಿಲ್ಲದ್ದರಿಂದ ಮಾತ್ರವಲ್ಲ. ಬೀಡಿ ಕಟ್ಟಿನ ಮೇಲೆ ಚಿತ್ರವೇ ಇದೆ, ಸಿನಿಮಾ ಶುರುವಾಗುವ ಮೊದಲೇ ಹೇಳುತ್ತಾರೆ. ಗೊತ್ತಿದ್ದೂ ಹೇಳಲಾರದ ಸ್ಥಿತಿ ನಮ್ಮದು. ಸೊಸೆ ಮಾವನಿಗೆ ಹೇಳಲಾರಳು, ಮಗ ಅಪ್ಪನಿಗೆ ಹೇಳಲಾರ, ಹೆಂಡತಿ ಒಮ್ಮೆ ಹೇಳಿ ಬೈಸಿಕೊಂಡು ಸುಮ್ಮನಾಗುತ್ತಾಳೆ. ಈ ಮೌನಕ್ಕೆ ನಾವು ಗೌರವ ಎಂದು ಹೆಸರಿಟ್ಟಿದ್ದೇವೆ.

ಈಗ ಹೊಗೆಯ ವಿಷಯಕ್ಕೆ ಬರುತ್ತೇನೆ. ಬೀಡಿ ಸೇದುವವರು ಒಳಗೆ ಎಳೆದುಕೊಳ್ಳುವುದು ಒಂದು ಹೊಗೆ. ಎರಡು ದಮ್ಮಿನ ನಡುವೆ ಬೆರಳ ಸಂದಿಯಲ್ಲಿ ತಾನೇ ಉರಿಯುತ್ತ ಗಾಳಿಗೆ ಸೇರುವುದು ಇನ್ನೊಂದು. ಕೋಣೆಯಲ್ಲಿ ಕೂತ ಬೇರೆಯವರ ಎದೆಗೆ ಹೋಗುವುದು ಹೆಚ್ಚಾಗಿ ಈ ಎರಡನೆಯದು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ತಂಬಾಕಿನಿಂದ ಸಾಯುತ್ತಾರೆ. ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ತಾವು ಸೇದದೆ ಬೇರೆಯವರ ಹೊಗೆಯಿಂದ ಸತ್ತವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇದು ಮೊದಲು ಸ್ಪಷ್ಟವಾಗಿ ಕಂಡದ್ದು ಜಪಾನಿನಲ್ಲಿ. ತಕೇಶಿ ಹಿರಾಯಾಮ ಎಂಬ ವಿಜ್ಞಾನಿ ತಾವು ಎಂದೂ ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸಿಗರೇಟು ಸೇದುವ ಮನೆಗಳ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಆಗುವ ಸಾವು, ಗಂಡ ಸೇದದ ಮನೆಯವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಆ ತಾಯಂದಿರು ಮಾಡಿದ ತಪ್ಪೇನು? ತಮ್ಮ ಮನೆಯಲ್ಲಿ ತಾವು ಉಸಿರಾಡಿದ್ದು.

ನಮ್ಮ ದೇಶದ ಲೆಕ್ಕ ನೋಡಿ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ಬೀಡಿ ಸಿಗರೇಟು ಸೇದುವವರು ನೂರಕ್ಕೆ 11 ಜನಕ್ಕಿಂತ ಸ್ವಲ್ಪ ಕಡಿಮೆ. ಮನೆಯೊಳಗೆ ಆ ಹೊಗೆಗೆ ಸಿಕ್ಕುವವರು ನೂರಕ್ಕೆ ಸುಮಾರು 39 ಜನ. ಸೇದುವವರು ಒಂದು ಪಾಲು, ಕುಡಿಯುವವರು ಮೂರೂವರೆ ಪಾಲು. ಇದರಲ್ಲಿ ಒಂದು ಸಮಾಧಾನವೂ ಇದೆ. 2009-10ರ ಸಮೀಕ್ಷೆಯಲ್ಲಿ ಆ 39ರ ಜಾಗದಲ್ಲಿ 52 ಇತ್ತು. ಅಂದರೆ ಮನೆಗಳು ಬದಲಾಗುತ್ತಿವೆ. ಬದಲಾಗಲು ಸಾಧ್ಯವಿದೆ.

ಮಕ್ಕಳಿಗೆ ಯಾಕೆ ಹೆಚ್ಚು ಪೆಟ್ಟು? ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತಾರೆ. ದೊಡ್ಡವರಾದರೆ ಎದ್ದು ಹೊರಗೆ ಹೋಗಬಹುದು. ತೊಟ್ಟಿಲ ಕೂಸು ಎಲ್ಲಿಗೆ ಹೋದೀತು? ಹೊಗೆಯ ಮನೆಯ ಮಕ್ಕಳಲ್ಲಿ ಉಬ್ಬಸ, ನ್ಯುಮೋನಿಯಾ, ಕಿವಿಯ ಸೋಂಕು ಹೆಚ್ಚು. ಬಸುರಿಯ ಉಸಿರಿಗೆ ಈ ಹೊಗೆ ಸೇರಿದರೆ ಹುಟ್ಟುವ ಕೂಸಿನ ತೂಕ ಕಡಿಮೆಯಾಗುತ್ತದೆ. ಗರ್ಭದಲ್ಲಿರುವ ಶಿಶುವಿಗೇ ಲಿಂಗಸಂಸ್ಕಾರ ಮಾಡಿಸುವ ಪರಂಪರೆ ನಮ್ಮದು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದನ್ನು ಭಕ್ತನೆಂದು ಎಣಿಸಿ ಲಿಂಗ ಕೊಡುವ ನಾವು, ಅದೇ ಕೂಸಿಗೆ ಅದೇ ಮನೆಯಲ್ಲಿ ಹೊಗೆಯನ್ನೂ ಕೊಡುತ್ತಿದ್ದೇವೆ.

ಕೆಲವರು ಕೇಳುತ್ತಾರೆ: "ವಚನಗಳಲ್ಲಿ ಬೀಡಿ ಸೇದಬೇಡ ಅಂತ ಎಲ್ಲಿದೆ ತಂಗಿ?" ಇಲ್ಲ, ಇರಲು ಸಾಧ್ಯವೂ ಇಲ್ಲ. ಶರಣರು 12ನೇ ಶತಮಾನದವರು. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಅದು ಭಾರತಕ್ಕೆ ಬಂದದ್ದು ಕಲ್ಯಾಣ ಕ್ರಾಂತಿಯಾಗಿ ನಾಲ್ಕು ಶತಮಾನ ಕಳೆದ ಮೇಲೆ. ಅಣ್ಣ ಬಸವಣ್ಣನವರು ತಂಬಾಕಿನ ಎಲೆಯನ್ನೇ ಕಂಡವರಲ್ಲ. ಆದರೆ ಅವರು ಕೊಟ್ಟ ಅಳತೆಗೋಲು ನಮ್ಮ ಕೈಯಲ್ಲಿದೆ. ದೇಹವನ್ನೇ ದೇವಾಲಯವೆಂದು ಬಗೆದವರು ಶರಣರು. ಲಿಂಗಕ್ಕೆ ಅರ್ಪಿಸದ್ದನ್ನು ಮುಟ್ಟಲೊಲ್ಲದವರು. ಅರ್ಪಿತವೆಂದರೆ ಬರೀ ತಟ್ಟೆಯ ಅನ್ನವಲ್ಲ. ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಮೂಗು ಮೂಸಿದ್ದು ಎಲ್ಲವೂ ಅರ್ಪಿತವಾಗಿ ಪ್ರಸಾದವಾಗಬೇಕು. ಷಟ್‌ಸ್ಥಲದಲ್ಲಿ ಮೂಗಿಗೆ ಸಂಬಂಧಿಸಿದ್ದು ಆಚಾರಲಿಂಗ, ಅದರ ಸ್ಥಲ ಮೊಟ್ಟಮೊದಲನೆಯ ಭಕ್ತಸ್ಥಲ. ನನ್ನ ಅಲ್ಪ ತಿಳಿವಳಿಕೆಯಲ್ಲಿ ನಾನು ಇದನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ನಮ್ಮ ಆಚಾರದ ಮೊದಲ ಮೆಟ್ಟಿಲು ನಾವು ಎಂಥ ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತೇವೆ, ಪಕ್ಕದವರಿಗೆ ಎಂಥ ಗಾಳಿ ಬಿಡುತ್ತೇವೆ ಎಂಬುದರಲ್ಲೇ ಇದೆ. ತಪ್ಪಿದ್ದರೆ ಪೂಜ್ಯರು ತಿದ್ದಬೇಕು.

ನಮ್ಮ ಮನೆಯ ಕಥೆಗೆ ಮರಳುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಮಾವನವರು ತಾವಾಗಿಯೇ ಬಾಲ್ಕನಿಗೆ ಹೋಗಿ ಸೇದತೊಡಗಿದರು. ನಾನು ಅಷ್ಟಕ್ಕೇ ನೆಮ್ಮದಿ ಪಟ್ಟೆ. ಆದರೆ ಬಾಲ್ಕನಿಯ ಬಾಗಿಲು ತೆರೆದೇ ಇರುತ್ತಿತ್ತು. ಗಾಳಿ ಬೀಸಿದಂತೆ ಹೊಗೆ ಒಳಗೆ. ನಮ್ಮದು ಸಾಲದೆಂದು ಮೇಲಿನ ಮನೆಯ ಕಿಟಕಿಗೂ. ಇಪ್ಪತ್ತು ದಿನ ಕಳೆದಿರಬೇಕು, ಒಂದು ರಾತ್ರಿ ಹನ್ನೆರಡೂವರೆಗೆ ಮಗಳು ಎದ್ದು ಕೂತಳು. ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ. ಕತ್ತಿನ ಕುಳಿ ಒಳಗೆ ಹೋಗುತ್ತಿದೆ, ತುಟಿ ಬಣ್ಣ ಕೆಟ್ಟಿದೆ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಆಮ್ಲಜನಕ ಹಾಕಿದರು, ನೆಬುಲೈಜರ್ ಇಟ್ಟರು. ಎರಡು ದಿನ ಅಲ್ಲೇ ಇದ್ದೆವು. ಮೊದಲನೇ ರಾತ್ರಿ ಕರ್ತವ್ಯದಲ್ಲಿದ್ದ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಈ ಸಲ "ಹೌದು" ಅಂದೆ.

ಅವರು ಬೈಯಲಿಲ್ಲ. ಉಬ್ಬಸಕ್ಕೆ ಹಲವು ಕಾರಣ ಇರುತ್ತವೆ, ಥಂಡಿ ಇರಬಹುದು, ಧೂಳಿರಬಹುದು, ಎಲ್ಲವನ್ನೂ ಬೀಡಿಯ ಮೇಲೆ ಹೊರಿಸಲಾಗುವುದಿಲ್ಲ. ಆದರೆ ಹೊಗೆ ಇರುವ ಮನೆಯಲ್ಲಿ ಔಷಧಿ ತನ್ನ ಕೆಲಸ ಪೂರ್ತಿ ಮಾಡಲಾರದು ಎಂದರು. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಸಾಲದೆ ಎಂದು ಕೇಳಿದೆ. ಸಾಲದು ಎಂದರು. ಇಷ್ಟು ಹೊಗೆಯಾದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲೇ ಹೇಳಿದೆ. ಅದನ್ನು ನಾನು ಓದಿಯೂ ಇದ್ದೆ.

ಮನೆಗೆ ಬಂದ ಮರುದಿನ ಮಾವನವರ ಪೂಜೆ ಮುಗಿಯುವವರೆಗೆ ಕಾದೆ. ನನ್ನ ಮನೆಯವರು "ಅಪ್ಪಗ ಹ್ಯಾಂಗ ಹೇಳೂದು" ಎಂದು ರಾತ್ರಿಯೇ ಕೈಚೆಲ್ಲಿದ್ದರು. ಪಂಚಾಚಾರಗಳಲ್ಲಿ ಗಣಾಚಾರ ಎಂಬುದೊಂದಿದೆ. ತಪ್ಪನ್ನು ಕಂಡೂ ಸುಮ್ಮನಿರಬಾರದು ಎಂಬುದು ಅದರ ತಿರುಳು. ನಾವು ಅದನ್ನು ಸಭೆಯಲ್ಲಿ, ಬೀದಿಯಲ್ಲಿ, ಬೇರೆಯವರ ಮೇಲೆ ಬಳಸುತ್ತೇವೆ. ಅಡುಗೆಮನೆಯಿಂದ ಪಡಸಾಲೆಗೆ ಅದು ಬರುವುದೇ ಇಲ್ಲ. ಅದರ ಜೊತೆಗೇ ಭೃತ್ಯಾಚಾರವೂ ಇದೆ, ಎಲ್ಲರಿಗಿಂತ ಕಿರಿಯಳೆಂಬ ವಿನಯ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಅವರ ಕಾಲ ಬಳಿ ಕೂತು ಹೇಳಿದೆ: "ಮಾವಾರ, ಅವತ್ತು ಡಾಕ್ಟರ ಮುಂದ ನಾ ಸುಳ್ಳು ಹೇಳೀನ್ರಿ. ನಿಮಗ ಅಪಮಾನ ಆಗಬಾರದಂತ ಹೇಳೀನಿ. ಇನ್ನ ನನ್ನ ಕೈಲೆ ಆಗೂದಿಲ್ರಿ. ನೀವು ಬೀಡಿ ಬಿಡ್ರಿ ಅಂತ ನಾ ಹೇಳಾಕತ್ತಿಲ್ಲ. ಮನಿಯೊಳಗ, ಬಾಲ್ಕನಿಯೊಳಗ ಬ್ಯಾಡ್ರಿ. ಇಷ್ಟs ಕೇಳತೀನಿ."

ಅವರು ಏನೂ ಮಾತಾಡಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಹನ್ನೊಂದಾಯಿತು, ಹನ್ನೆರಡಾಯಿತು. ಗೊತ್ತಿಲ್ಲದ ಊರು, ದಾಟಲಾಗದಂಥ ರಸ್ತೆ. ನನ್ನ ಮನೆಯವರು ಹುಡುಕಲು ಹೊರಟರು. ಕೊನೆಗೆ ಗೊಟ್ಟಿಗೆರೆ ಕೆರೆಯ ಹತ್ತಿರ ಒಬ್ಬರೇ ಕೂತಿದ್ದರಂತೆ. ಮಧ್ಯಾಹ್ನ ಮನೆಗೆ ಬಂದವರು ಊಟಕ್ಕೆ ಕೂಡುವ ಮೊದಲು ಒಂದು ಮಾತು ಹೇಳಿದರು. ನಲವತ್ತು ವರ್ಷ ಯಾರಿಗೂ ಹೇಳದ ಮಾತು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಚಿತ್ತರಗಿ ಇಳಕಲ್ ಮಹಾಂತೇಶ್ವರ ಸಂಸ್ಥಾನ ಮಠದ ಪೂಜ್ಯರು. 1930ರ ಆಗಸ್ಟ್ 1 ಅವರು ಹುಟ್ಟಿದ ದಿನ, 2018ರಲ್ಲಿ ಲಿಂಗೈಕ್ಯರಾದರು. 1975ರಲ್ಲಿ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಸ್ವಾಮಿಗಳು ಜೋಳಿಗೆ ಹಿಡಿದರೆ ಜನ ಜೋಳ ತರುತ್ತಾರೆ, ಕಾಣಿಕೆ ತರುತ್ತಾರೆ. ಅವರು ಬೇಡಿದ್ದು ಅದಲ್ಲ. ನಿಮ್ಮ ಚಟಗಳನ್ನು ಇದರಲ್ಲಿ ಹಾಕಿರಿ ಎಂದರು. ಬೀಡಿ, ಸಿಗರೇಟು, ತಂಬಾಕು, ಗುಟ್ಕಾ, ಸಾರಾಯಿ, ಯಾವುದೇ ಇರಲಿ. ಓಣಿ ಓಣಿ ತಿರುಗಿ, ಜಾತಿ ಮತ ನೋಡದೆ ಮನೆ ಬಾಗಿಲಿಗೆ ಹೋಗಿ ಬೇಡಿದರು. ಮಹಾಂತ ಜೋಳಿಗೆ ಎಂದೇ ಅದಕ್ಕೆ ಹೆಸರಾಯಿತು. ಕರ್ನಾಟಕ ಸರ್ಕಾರ ಅವರ ಜನ್ಮದಿನವನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದು ಅದಕ್ಕಾಗಿಯೇ.

ಆ ಜೋಳಿಗೆ ನಮ್ಮ ಮಾವನವರ ಓಣಿಗೂ ಬಂದಿತ್ತು. ನನ್ನ ಮನೆಯವರು ಆಗ ಇನ್ನೂ ಕೂಸು. "ಅಪ್ಪಾರು ಬರಾಕತ್ತಾರ ಅಂದಕೂಡ್ಲೆ ನಾ ಬೀಡಿ ಕಟ್ಟು ಧೋತರದಾಗ ಮುಚ್ಚಿಟಗೊಂಡು ಹಿತ್ತಲ ಬಾಗಿಲಿಂದ ಓಡಿಹೋದೆ. ನಿಮ್ಮತ್ತಿ ಬಾಗಿಲಾಗ ನಿಂತಿದ್ಳು. 'ನಿಮ್ಮ ಯಜಮಾನ್ರು ಎಲ್ಲ್ಯದಾರವ್ವ' ಅಂತ ಕೇಳಿದ್ರಂತ. 'ಊರಿಗೆ ಹೋಗ್ಯಾರ್ರಿ' ಅಂದ್ಳಂತ. ಅಕೀನೂ ನನ್ನ ಸಲುವಾಗಿ ಸುಳ್ಳು ಹೇಳಿದ್ಳು. ಇವತ್ತ ನೀ ಹೇಳಿದಿ" ಎಂದರು. ಆಮೇಲೆ ಕೇಳಿದರು: "ಅಕೀಗೆ ಕಡೀಕಡೀಗೆ ದಮ್ಮು ಆಗಿತ್ತಲ್ಲ ತಂಗಿ, ಅದೂ ಇದಕ್ಕs ಏನು?"

ನಾನು ಉತ್ತರ ಕೊಡಲಿಲ್ಲ. ಅತ್ತೆಯವರು ನಲವತ್ತು ವರ್ಷ ಒಲೆಯ ಹೊಗೆಯನ್ನೂ ಕುಡಿದಿದ್ದರು, ಬೀಡಿಯ ಹೊಗೆಯನ್ನೂ ಕುಡಿದಿದ್ದರು. ಯಾವುದರಿಂದ ಎಷ್ಟು ಎಂದು ಈಗ ಯಾರು ಹೇಳಬೇಕು?

ಅವತ್ತಿನಿಂದ ನಮ್ಮ ಮನೆಯೊಳಗೆ ಯಾರೂ ಸೇದಿಲ್ಲ. ಮಾವನವರು ಅಂದೇ ಬೀಡಿ ಬಿಟ್ಟರು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಅವರು ಮನೆಯನ್ನು ಬಿಟ್ಟುಕೊಟ್ಟರು, ಬೀಡಿಯನ್ನು ಬಿಡಲು ಇನ್ನೂ ಒಂದು ವರ್ಷ ಹಿಡಿಯಿತು. ಪ್ರತಿ ಸಲ ಮೂರು ಮಹಡಿ ಇಳಿದು, ಗೇಟು ದಾಟಿ, ಮೂಲೆಯ ಖಾಲಿ ಸೈಟಿನ ಹತ್ತಿರ ನಿಂತು ಸೇದಿ ಬರುತ್ತಿದ್ದರು. ಬಂದವರೇ ಕೈ ಬಾಯಿ ತೊಳೆದು, ಅಂಗಿ ಬದಲಿಸಿ ಮೊಮ್ಮಗಳನ್ನು ಮುಟ್ಟುತ್ತಿದ್ದರು. ಬಟ್ಟೆಗೆ, ಗೋಡೆಗೆ, ಸೋಫಾಕ್ಕೆ ಅಂಟಿದ ಹೊಗೆಯ ಅಂಶವೂ ಮಕ್ಕಳಿಗೆ ಒಳ್ಳೆಯದಲ್ಲವಲ್ಲ. ಮಳೆ ಬಂದರೆ ಹೋಗಲು ಬೇಸರ, ಮೆಟ್ಟಿಲು ಹತ್ತಿದರೆ ಏದುಸಿರು. ದಿನಕ್ಕೆ ಒಂದು ಕಟ್ಟು ಇದ್ದದ್ದು ಎಂಟಕ್ಕೆ ಬಂತು, ಐದಕ್ಕೆ ಬಂತು. ಆಮೇಲೆ ಅವರೇ, "ಇದನ್ನ ಪೂರ್ತಿ ಬಿಡೂದಕ್ಕ ಯಾರನರ ಕೇಳೂಣು ನಡಿ" ಎಂದರು.

ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆವು. ಹಣ ಕೊಡಬೇಕಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲಿ ಒಂದು, ಕನ್ನಡದಲ್ಲೇ ಮಾತಾಡುತ್ತಾರೆ. ಬಿಟ್ಟ ಮೊದಲ ವಾರ ಬಹಳ ಕಷ್ಟ ಎಂದು ಅವರು ಮೊದಲೇ ತಿಳಿಸಿದ್ದರು. ಸಿಟ್ಟು, ನಿದ್ದೆಗೇಡು, ಕೈ ನಡುಕ. ಎರಡು ಮೂರು ವಾರಕ್ಕೆ ಅದು ಇಳಿಯುತ್ತದೆ. ಹಾಗೆಯೇ ಆಯಿತು. ನಾಲ್ಕನೇ ತಿಂಗಳು ಊರಲ್ಲಿ ಒಂದು ಮದುವೆಗೆ ಹೋದಾಗ ಗೆಳೆಯರ ನಡುವೆ ಮತ್ತೆ ಸೇದಿದರು. ಬಂದು ಅವರೇ ಹೇಳಿದರು. ನಾವು ಯಾರೂ ಬೈಯಲಿಲ್ಲ. ಜಾರಿ ಬಿದ್ದವರನ್ನು ಎತ್ತಬೇಕು ಅಷ್ಟೆ. ಅದಾಗಿ ಈಗ ಒಂದು ವರ್ಷ ಐದು ತಿಂಗಳು. ಮಗಳಿಗೆ ಈಗಲೂ ಮಳೆಗಾಲದಲ್ಲಿ ಉಬ್ಬಸ ಬರುತ್ತದೆ, ಆದರೆ ಆಸ್ಪತ್ರೆಯಲ್ಲಿ ಮಲಗುವಂಥದ್ದು ಮತ್ತೆ ಬಂದಿಲ್ಲ. ಮಾವನವರ ಶ್ವಾಸಕೋಶದಲ್ಲಿ ಹಾಳಾದ ಭಾಗ ಹಾಳಾಗಿಯೇ ಉಳಿಯಿತು, ಇನ್ಹೇಲರ್ ಬೇಕು. ಇಲ್ಲಿಗೆ ಬರುವಾಗ ಈ ಮನೆಯ ಮೆಟ್ಟಿಲನ್ನು ಎರಡು ಕಡೆ ನಿಂತು ಹತ್ತಿದ್ದನ್ನು ನೀವೂ ನೋಡಿದ್ದೀರಿ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ಚಟ ಬಿಡುವುದು ದೊಡ್ಡ ಕೆಲಸ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮನೆಯನ್ನು ಹೊಗೆಯಿಂದ ಬಿಡಿಸುವುದು ಇಂದೇ ಆಗುವ ಕೆಲಸ. ಅದಕ್ಕೆ ಇದು ನಮ್ಮ ಮನೆಯಲ್ಲಿ ಮಾಡಿದ ಕ್ರಮ.

ಮನೆಯವರೆಲ್ಲ ಸೇರಿ ಒಂದು ದಿನ ಗೊತ್ತುಮಾಡಿ. ಸೇದುವವರನ್ನೂ ಕೂರಿಸಿಕೊಂಡು ಮಾತಾಡಿ, ಅವರ ಬೆನ್ನ ಹಿಂದೆ ಬೇಡ. ಆ ದಿನ ಬೂದಿ ಬಟ್ಟಲು, ಬೆಂಕಿಪೆಟ್ಟಿಗೆ ಪಡಸಾಲೆಯಿಂದ ತೆಗೆಯಿರಿ. ಮನೆ ಅಂದರೆ ಬಾಲ್ಕನಿ, ಬಚ್ಚಲು, ಮೆಟ್ಟಿಲು, ಕಾರು ಎಲ್ಲವೂ ಸೇರಿತು. "ಇವತ್ತು ಮಳೆ ಇದೆ, ಇವತ್ತೊಂದಿನ" ಎಂಬ ವಿನಾಯಿತಿ ಇಟ್ಟುಕೊಂಡರೆ ನಿಯಮ ಒಂದು ವಾರವೂ ಬಾಳುವುದಿಲ್ಲ. ಹೊರಗೆ ಹೋಗುವವರಿಗೆ ಕೂರಲು ಒಂದು ಜಾಗ ತೋರಿಸಿ, ಅವರನ್ನು ಹೊರಗಟ್ಟಿದಂತೆ ಆಗಬಾರದು. ಪರದೆ, ಹೊದಿಕೆ, ಸೋಫಾದ ಬಟ್ಟೆ ಎಲ್ಲವನ್ನೂ ಒಮ್ಮೆ ಒಗೆಯಿರಿ. ಉಬ್ಬಸದ ಮಗು ಇರುವ ಮನೆಯಲ್ಲಿ ಊದುಬತ್ತಿ, ಲೋಬಾನದ ಹೊಗೆಯನ್ನೂ ಕಡಿಮೆ ಮಾಡಿ. ಲಿಂಗಪೂಜೆಗೆ ವಿಭೂತಿ, ಪತ್ರೆ, ಹೂವು ಸಾಕು.

ಬಂದ ಅತಿಥಿ ಜೇಬಿಗೆ ಕೈ ಹಾಕಿದರೆ ಏನು ಮಾಡುವುದು? ದಾಸೋಹದ ಮನೆಯಲ್ಲಿ ಬೇಡ ಎನ್ನುವುದು ಹೇಗೆ ಎಂದು ನನಗೂ ಅಂಜಿಕೆ ಇತ್ತು. ಈಗ ನನ್ನ ಮನೆಯವರು, "ಅಣ್ಣಾರ, ಮನಿಯೊಳಗ ಕೂಸು ಐತ್ರಿ, ಬರ್ರಿ ಕೆಳಗ ಹೋಗಿ ಮಾತಾಡೂಣು" ಎಂದು ತಾವೂ ಜೊತೆಗೆ ಇಳಿಯುತ್ತಾರೆ. ಈವರೆಗೆ ಯಾರೂ ಮುನಿಸಿಕೊಂಡಿಲ್ಲ. ನಮ್ಮ ಮದುವೆ, ಗೃಹಪ್ರವೇಶ, ಸಾವಿನ ಮನೆಗಳಲ್ಲಿ ತಟ್ಟೆಯಲ್ಲಿ ಬೀಡಿ ಸಿಗರೇಟು ಇಡುವ ರೂಢಿ ಕೆಲವು ಕಡೆ ಇನ್ನೂ ಇದೆ. ಎಲೆ ಅಡಿಕೆ ಇರಲಿ, ಅದನ್ನು ತೆಗೆಯೋಣ.

ಇನ್ನೊಂದು ಮಾತು. "ಹೋಗಿ ಅಜ್ಜಗ ಒಂದು ಕಟ್ಟು ಬೀಡಿ ತಾ" ಎಂದು ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ. ಮಕ್ಕಳ ಕೈಗೆ ತಂಬಾಕು ಮಾರುವುದು 2003ರ ಕೇಂದ್ರ ಕಾಯ್ದೆಯಿಂದಲೇ ಅಪರಾಧ. ಕರ್ನಾಟಕ ಈಗ ತನ್ನ ತಿದ್ದುಪಡಿಯಲ್ಲಿ ಆ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡವನ್ನು 1,000 ರೂಪಾಯಿವರೆಗೆ ಹೆಚ್ಚಿಸಿದೆ. ಬಸ್ಸು, ಆಸ್ಪತ್ರೆ, ಹೋಟೆಲು, ಕಚೇರಿಗಳಲ್ಲಿ ಸೇದುವುದನ್ನು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಕಟ್ಟುನಿಟ್ಟಾಗಿ ನಿಷೇಧಿಸಿದರು. ಆದರೆ ಕಾನೂನು ನಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಬಸ್ಸಿನಲ್ಲಿ ಅಪರಿಚಿತರ ಮಗುವಿಗೆ ಸಿಗುವ ರಕ್ಷಣೆ ನಮ್ಮ ಮನೆಯೊಳಗೆ ನಮ್ಮ ಮಗುವಿಗೆ ಸಿಗುವುದಿಲ್ಲ. ಹೊಸ್ತಿಲ ಒಳಗೆ ಅದನ್ನು ಕೊಡಬೇಕಾದವರು ನಾವೇ.

ನಿಪ್ಪಾಣಿಯ ಕಡೆ, ಹುಣಸೂರು ಪಿರಿಯಾಪಟ್ಟಣದ ಕಡೆ ತಂಬಾಕನ್ನೇ ಬೆಳೆದು ಬದುಕುವ ಕುಟುಂಬಗಳಿವೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಅನ್ನವನ್ನು ನಾನು ಇಲ್ಲಿ ನಿಂತು ಹಳಿಯಲಾರೆ. ಆ ಪ್ರಶ್ನೆ ದೊಡ್ಡದು, ಅದಕ್ಕೆ ಬೇರೆ ಬೆಳೆ, ಬೇರೆ ದುಡಿಮೆಯ ದಾರಿ ಬೇಕು. ಆದರೆ ಆ ಮನೆಗಳ ಮಕ್ಕಳ ಎದೆಯೂ ನಮ್ಮ ಮಕ್ಕಳ ಎದೆಯಂತೆಯೇ.

ಹೋದ ವಾರ ನಮ್ಮ ಮಗಳು ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಅಜ್ಜನ ಕೈಲೇ ಹೊಲಿಸಿ ಒಂದು ಜೋಳಿಗೆ ಮಾಡಿಸಿಕೊಂಡಿದ್ದಾಳೆ. ಅದು ಅವರೇ ನೇಯ್ದ, ಅತ್ತೆಯವರು ಉಟ್ಟ ಸೀರೆ. ಈಗ ಅದನ್ನು ಬಾಗಿಲ ಹತ್ತಿರ ಇಟ್ಟಿದ್ದೇವೆ. ಗೋಷ್ಠಿ ಮುಗಿದು ಪ್ರಸಾದಕ್ಕೆ ಹೋಗುವ ಮೊದಲು, ಜೇಬಿನಲ್ಲಿ ಇರುವುದನ್ನು ಹಾಕುವವರು ಹಾಕಬಹುದು. ಹಾಕಲಾಗದವರು ನಾಚಬೇಕಿಲ್ಲ, ಹಿತ್ತಲ ಬಾಗಿಲಿಂದ ಹೋಗಬೇಕಿಲ್ಲ. ಅವರು ಒಂದೇ ಒಂದು ಮಾತು ಕೊಟ್ಟರೆ ಸಾಕು: ಇವತ್ತು ರಾತ್ರಿಯಿಂದ ಮನೆಯೊಳಗೆ ಇಲ್ಲ ಎಂದು. ಜೋಳಿಗೆಯ ಪಕ್ಕದಲ್ಲಿ ನಮ್ಮ ಮಾವನವರೇ ನಿಂತಿರುತ್ತಾರೆ. ಹೇಗೆ ಬಿಡುವುದು ಎಂದು ನನ್ನನ್ನು ಕೇಳಬೇಡಿ, ಅವರನ್ನು ಕೇಳಿ.